ಬಸ್ಸಿನಲ್ಲಿ ಅತ್ತೆಗೆ ಕೊಟ್ಟ ಉತ್ತರ

ಮೊನ್ನೆ ಒಣಕೊಬ್ಬರಿ ತುರಿಯುವಾಗ ಆ ವಾಸನೆಗೆ ಹಾರನಹಳ್ಳಿಯ ಪಕ್ಕದ ಮನೆ ಅತ್ತೆ ನೆನಪಾದರು. ಸಂಬಂಧದಲ್ಲಿ ಅತ್ತೆಯೇನಲ್ಲ, ನಾನು ಹಾಗೆ ಕರೆಯುತ್ತಿದ್ದೆ ಅಷ್ಟೇ. ಕೊಬ್ಬರಿ ಚಿಪ್ಪು ಬಿಡಿಸಿ ಬಿಡಿಸಿ ಅವರ ಸೆರಗಿಗೂ ಅದೇ ವಾಸನೆ ಹತ್ತಿತ್ತು. ಬಾಯಿ ಜೋರು, ಕೈರುಚಿ ಅದಕ್ಕಿಂತ ಜೋರು.

ತೊಂಬತ್ತೈದರ ಆಸುಪಾಸು. ಅತ್ತೆಗೆ ಆಗ ಮೂವತ್ತೆಂಟು. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಅವರ ಮನೆಯಲ್ಲಿ ಮುಟ್ಟಾದವರು ಒಳಗೆ ಬರುವ ಹಾಗಿಲ್ಲ. ಹಾಗಾಗಿ ಅರ್ಧ ತಿಂಗಳು ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅಲ್ಲಿಂದಲೇ, "ಸಾರಿಗೆ ಉಪ್ಪು ಹಾಕುದ್ರಾ?" ಎಂದು ಒಳಗಿದ್ದವರಿಗೆ ಕೂಗುತ್ತಿದ್ದರು. ನೋವಿಗಿಂತ ಆ ಮೂಲೆಯೇ ಅವರನ್ನು ಹಿಂಡಿಹಾಕಿತ್ತು.

ಅರಸೀಕೆರೆಯ ಲೇಡಿ ಡಾಕ್ಟರ ಹತ್ತಿರ ಜೊತೆಗೆ ಹೋದವಳು ನಾನು. ಪಿಯುಸಿ ಸೈನ್ಸ್ ಓದುತ್ತಿದ್ದೆನಲ್ಲ, ನಮ್ಮ ಬೀದಿಗೆ ಅರ್ಧ ಡಾಕ್ಟರ್! ಗಡ್ಡೆಗಳಿವೆ, ಗರ್ಭಕೋಶ ತೆಗೆಯಲೇಬೇಕು ಎಂದರು ಡಾಕ್ಟರ್. "ಅಂಡಾಶಯ ಚೆನ್ನಾಗಿದೆ. ಈ ವಯಸ್ಸಿಗೆ ಅದಿದ್ರೆ ಮೂಳೆಗೆ ಒಳ್ಳೇದು. ಉಳಿಸ್ಬೇಕೋ ತೆಗೀಬೇಕೋ, ಯೋಚನೆ ಮಾಡಿ ಹೇಳಿ." ಅತ್ತೆ ಸುಮ್ಮನೆ ತಲೆಯಾಡಿಸಿದರು. ಆ ಜೋರು ಬಾಯಿ ಎಲ್ಲಿ ಹೋಯಿತೋ...

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಲ್ಲ ಕಣವ್ವ, ಆ ಅಂಡಾಶಯ ಅನ್ನೋದು ಒಳಗೇ ಉಳುದ್ರೆ ಮತ್ತೆ ಮುಟ್ಟು ಬತ್ತೈತಾ?"

ನನಗೆ ಗೊತ್ತಿರಲಿಲ್ಲ. ಆ ಪಾಠವನ್ನು ನಮ್ಮ ಮೇಷ್ಟ್ರು "ಮನೇಲಿ ಓದ್ಕೊಳ್ಳಿ" ಎಂದು ಹಾರಿಸಿದ್ದರು, ನಾನು ಓದಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು, ಇಳಿದು ವಾಪಸು ಹೋಗಿ ಕೇಳಬಹುದಿತ್ತು. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಅದು ನಾನೇ. "ಬರಬಹುದು ಅತ್ತೆ" ಅಂದುಬಿಟ್ಟೆ.

"ಹಂಗಾದ್ರೆ ಎಲ್ಲಾನೂ ತೆಗೆಸ್ಬುಡ್ತೀನಿ. ಪೀಡೆ ತೊಲಗ್ಲಿ."

ತೆಗೆಸಿದರು. ಗರ್ಭಕೋಶ ಹೋದ ಮೇಲೆ ಅಂಡಾಶಯ ಇದ್ದರೂ ಮುಟ್ಟು ಬರುವುದಿಲ್ಲ ಎಂದು ನನಗೆ ತಿಳಿದದ್ದು ಮರುವರ್ಷ. ಅಷ್ಟು ಹೊತ್ತಿಗೆ ಅತ್ತೆಗೆ ಮೈಯೆಲ್ಲ ಉರಿ, ಚಳಿಗಾಲದಲ್ಲೂ ಬೆವರು. ಕೆಲವು ವರ್ಷ ಕಳೆದು ಹಿತ್ತಲಲ್ಲಿ ಜಾರಿ ಮಣಿಕಟ್ಟು ಮುರಿಯಿತು, ಆಮೇಲೆ ಬೆನ್ನು ಹಿಡಿಯಿತು. ಮೂಳೆ ಸವೆದಿದೆ ಎಂದರಂತೆ.

ಹೇಳಿಬಿಡಬೇಕು ಎಂದು ಒಂದು ದಿನ ಹೋದೆ. ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು ರಾಗಿ ರೊಟ್ಟಿ ತಟ್ಟುತ್ತಿದ್ದರು. "ನೀನವತ್ತು ಹೇಳಿದ್ದುಕ್ಕೆ ನನ್ ಅಡುಗೆಮನೆ ನಂಗೆ ಸಿಕ್ತು ಕಣವ್ವ" ಎಂದು ಬಿಸಿ ರೊಟ್ಟಿಯೊಂದನ್ನು ನನ್ನ ತಟ್ಟೆಗೆ ಹಾಕಿದರು. ತಿಂದು ಎದ್ದು ಬಂದೆ. ಎಂಥ ಹೇಡಿ ನಾನು!

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಹೋದ ವರ್ಷ ನನಗೂ ಅದೇ ಆಪರೇಷನ್ ಆಯಿತು. ಒಂದಕ್ಕೆ ಹತ್ತು ಸಲ ಕೇಳಿ ಡಾಕ್ಟರ ತಲೆ ತಿಂದೆ, ಅಂಡಾಶಯ ಉಳಿಸಿಕೊಂಡೆ. ಎರಡು ತಿಂಗಳಿಗೆಲ್ಲ ಮಹಡಿ ಹತ್ತಿ ಇಳಿಯುತ್ತಿದ್ದೆ. ನನ್ನ ಈ ವಯಸ್ಸಿಗೆ ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು.