ಅಪ್ಪನ ಕಲ್ಲಿದ್ದಲ ಕೈ

ವಡೋದರಾದ ಪ್ರತಾಪನಗರದಲ್ಲಿ ಹಳೆಯ ಉಗಿ ಎಂಜಿನ್ನೊಂದನ್ನು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಭಾನುವಾರ ಮಗಳ ಜೊತೆ ಹೋದಾಗ ಜನ ಮುಗಿಬಿದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೆಲಸದವನೊಬ್ಬ ಚಕ್ರಕ್ಕೆ ಎಣ್ಣೆ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದೆ.

ಅಪ್ಪ ಫೈರ್‌ಮನ್. ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ತುಂಬುವುದು ಅವನ ಕೆಲಸ. ಡ್ಯೂಟಿಯಿಂದ ಬಂದು ಬಟ್ಟೆ ಸಾಬೂನಿನಿಂದ ಎಷ್ಟು ತಿಕ್ಕಿಕೊಂಡರೂ ಅಂಗೈ ಗೆರೆಗಳ ಕಪ್ಪು ಹೋಗುತ್ತಿರಲಿಲ್ಲ. ನಾನು ಓಡಿಹೋಗಿ ತೆಕ್ಕೆಬಿದ್ದರೆ, "ತಡಿಯವ್ವಾ, ಕೈ ಹೊಲಸ ಅದಾವ," ಎಂದು ಬೆರಳು ಮಡಚಿ, ಕೈಯ ಹಿಂಬದಿಯಿಂದ ಕೆನ್ನೆ ಸವರುತ್ತಿದ್ದ. ಅಪ್ಪಂದಿರೆಲ್ಲ ಮಕ್ಕಳನ್ನು ಹೀಗೇ ಮುದ್ದಿಸುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ.

ಆಮೇಲೆ ಡೀಸೆಲ್ ಎಂಜಿನ್ನುಗಳು ಬಂದವು. ಅಪ್ಪನನ್ನು ಸಾಮಾನಿನ ಸ್ಟೋರ್ ಕೆಲಸಕ್ಕೆ ಹಾಕಿದರು. ಕೈ ಬೆಳ್ಳಗಾಯಿತು, ಮಾತು ಕಡಿಮೆಯಾಯಿತು. ಆದರೂ ನನ್ನನ್ನು ಗಂಡನ ಮನೆಗೆ ಕಳಿಸಿದ ದಿನವೂ ಕೆನ್ನೆಗೆ ತಾಗಿದ್ದು ಹಿಂಗೈಯೇ. ಅವನ ಅಂಗೈಯನ್ನು ನಾನು ಹಿಡಿದದ್ದು ಒಮ್ಮೆ ಮಾತ್ರ, ಕೊನೆಯ ಸಲ ಮೀಯಿಸಿ ಮಲಗಿಸಿದಾಗ. ತಣ್ಣಗಿತ್ತು. ಚೊಕ್ಕವಾಗಿತ್ತು.

"ಮಮ್ಮೀ, ಉಲ್ಟಾ ಹಾಥ್‌ನಿಂದ ಯಾಕೆ ಮುಟ್ತಿದೀಯಾ? ದೇಖೋ ನಾ, ಎಂಜಿನ್ ಎಷ್ಟು ಕ್ಲೀನ್ ಇದೆ!" ಎಂದಳು ಮಗಳು.

ಎಂಜಿನ್ನಿನ ಕರಿಮೈಯನ್ನು ನಾನು ಹಿಂಗೈಯಿಂದ ಸವರುತ್ತಿದ್ದೆನೆಂದು ಆಗಲೇ ಗೊತ್ತಾದದ್ದು. ಕೈ ತಿರುಗಿಸಿ, ಅಂಗೈಯನ್ನು ಬಲವಾಗಿ ಒತ್ತಿದೆ. ತೆಗೆದು ನೋಡಿದರೆ ಒಂದು ಗೆರೆಯೂ ಕಪ್ಪಾಗಿರಲಿಲ್ಲ.