ಕೊನೆಯ ನಲ್ಲಿಯ ಸಮಯ

ಅವರ ಬಲಗಿವಿಯ ಅಂಚಿಗೆ ಸದಾ ತುಕ್ಕು ಮೆತ್ತಿರುತ್ತಿತ್ತು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯ ಒಂದು ತುದಿಯನ್ನು ಗುಂಡಿಯೊಳಗಿನ ಪೈಪಿಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತರೆ, ಒಳಗೆ ಹರಿಯುತ್ತಿರುವುದು ನೀರೋ ಬರೀ ಗಾಳಿಯೋ ಎಂದು ಹೇಳಿಬಿಡುತ್ತಿದ್ದರು. ಮುಖ ತೊಳೆದರೂ ಆ ಕಲೆ ಹೋಗುತ್ತಿರಲಿಲ್ಲ. ಅವರು ನಮ್ಮ ಪಂಚಾಯಿತಿಯ ನೀರಗಂಟಿ. ನಾನು ಅದೇ ಪಂಚಾಯಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು.

ಹರಿಯಬ್ಬೆಯಿಂದ ಮದುವೆಯಾಗಿ ರಾಮಗಿರಿ ಕಡೆಯ ಈ ಊರಿಗೆ ಬಂದ ನನಗೆ ಇಲ್ಲಿನ ಬೀದಿಗಳು ಪರಿಚಯವಾದದ್ದು ಕಂಪ್ಯೂಟರಿನ ಪರದೆಯ ಮೇಲೆಯೇ. ಆಗಷ್ಟೇ ಫೋನಿನಲ್ಲಿ ದೂರು ಕೊಡುವ ವ್ಯವಸ್ಥೆ ಬಂದಿತ್ತು. ನೀರು ಬರದಿದ್ದರೆ ಜನ ನನಗೆ ಫೋನ್ ಮಾಡುವುದು, ನಾನು ದಾಖಲಿಸುವುದು, ಅದು ಮೆಸೇಜಾಗಿ ಅವರ ಫೋನಿಗೆ ಹೋಗುವುದು, ಅವರು ಸರಿಮಾಡಿ ಹೇಳಿದ ಮೇಲೆ ನಾನು 'ವಿಲೇವಾರಿ' ಎಂದು ಒತ್ತುವುದು. ದೂರಿರುವ ಬೀದಿ ನಕ್ಷೆಯಲ್ಲಿ ಕೆಂಪು, ಇಲ್ಲದ್ದು ಹಸಿರು. ತಿಂಗಳ ಕೊನೆಗೆ ಹಸಿರು ಜಾಸ್ತಿಯಿದ್ದರೆ ತಾಲ್ಲೂಕಿನ ಮೀಟಿಂಗಿನಲ್ಲಿ ಶಹಬ್ಬಾಸ್. ಆ ಶಹಬ್ಬಾಸ್ ನನಗೆ ಬೇಕಾಗಿತ್ತು.

ಒಂದು ತಿಂಗಳು ಊರಾಚೆಯ ಕುರುಬರ ಹಟ್ಟಿ ಪೂರ್ತಿ ಹಸಿರಾಯಿತು. ಹೆಮ್ಮೆಯಿಂದ ತೋರಿಸಿದೆ. ಅವರು ಪರದೆಯ ಹತ್ತಿರ ಮುಖ ತಂದು ನೋಡಿ, "ಏನ್ ಮೇಡಮ್ಮೋರೆ, ಹಟ್ಟಿ ಇಷ್ಟೊಂದು ಹಸ್ರಾಗೈತೆ! ಮೇವು ಬೆಳೆದೈತೇನ್ರಿ?" ಅಂದರು.

"ಒಂದೂ ದೂರು ಬಂದಿಲ್ಲಣ್ಣ."

"ದೂರು ಕೊಡಾಕೆ ಯಾರವ್ರೆ? ಎಲ್ಲಾ ಕುರಿ ಹೊಡ್ಕಂಡು ಹೋಗವ್ರೆ. ಒಂದು ಅಜ್ಜಿ ಐತೆ, ಅದಕ್ಕೆ ಫೋನಿಲ್ಲ. ದೂರು ಬರ್ಲಿಲ್ಲ ಅಂದ್ರೆ ನೀರು ಬಂತು ಅಂತಲ್ರಿ."

ನನಗೆ ಸಿಟ್ಟು ಬಂತು. ಮೂರನೆಯ ದಿನ ನಾನೇ ಹಟ್ಟಿಗೆ ಹೋಗಿ ನೋಡಿದೆ. ನಲ್ಲಿಯ ಬಾಯಲ್ಲಿ ಜೇಡ ಗೂಡು ಕಟ್ಟಿತ್ತು. ಅಜ್ಜಿ ದೂರದ ತೋಟದ ಬೋರಿನಿಂದ ಬಿಂದಿಗೆ ಹೊತ್ತು ಬರುತ್ತಿತ್ತು.

ಅಂದಿನಿಂದ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ದೂರು ಬರಲಿ ಬಿಡಲಿ, ಪ್ರತಿ ಬೀದಿಯ ಕೊನೆಯ ನಲ್ಲಿಗೆ ನೀರು ಮುಟ್ಟಿದ ಸಮಯವನ್ನು ಅವರು ಬೆಳಗ್ಗೆ ಫೋನಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಯಾವ ಬೀದಿಗೆ ಯಾವ ನಲ್ಲಿ ಕೊನೆಯದು ಎಂಬ ಪಟ್ಟಿಯನ್ನು ಕೊಟ್ಟವರೂ ಅವರೇ. "ಮೊದಲ್ನೇ ನಲ್ಲಿ ಯಾರ್ ಬೇಕಾದ್ರೂ ನೋಡ್ತಾರೆ, ಕೊನೇದನ್ನ ನೋಡ್ರಿ" ಅನ್ನುತ್ತಿದ್ದರು. ಗುಡ್ಡದ ಬೀದಿಯ ಸಮಯ ಹೇಳುವಾಗ ಮಾತ್ರ ಫೋನಿನಲ್ಲಿ ಕೊಡಗಳು ತಾಗುವ ಸದ್ದು ಕೇಳುತ್ತಿತ್ತು. "ಎಂಟೂ ಹತ್ತು, ಮೇಡಮ್ಮೋರೆ," ಹಿಂದೆ ಟಣ್ ಎಂದು ಒಂದು ಕೊಡ. ನೀರು ಹಿಡಿಯುವ ಹೆಂಗಸರು ಎಂದುಕೊಂಡು ಸಮಯ ಬರೆದುಕೊಳ್ಳುತ್ತಿದ್ದೆ.

ಎರಡು ತಿಂಗಳ ಸಮಯಗಳನ್ನು ಸಾಲಾಗಿಟ್ಟು ನೋಡಿದಾಗ ಗೊತ್ತಾಯಿತು. ಪೇಟೆ ಬೀದಿಗೆ ನೀರು ಬೇಗ ಮುಟ್ಟಿ, ಅಲ್ಲಿನ ವಾಲ್ವ್ ಮೊದಲು ಬಂದ್ ಆದ ದಿನ ಮಾತ್ರ ಹಟ್ಟಿಗೆ ನೀರು ಏರುತ್ತಿತ್ತು. ಅವರು ಇದನ್ನೇ ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದರಂತೆ. ಆ ಹಾಳೆ ನೋಡಿ ಎಂಜಿನಿಯರ್ ಒಂದೇ ವಾರದಲ್ಲಿ ನೀರು ಬಿಡುವ ಸರದಿ ಬದಲಿಸಿದರು. ಹಟ್ಟಿಯ ನಲ್ಲಿ ಸುರಿಯಿತು. ನೀರಗಂಟಿಯವರಿಗೆ ಬೇಜಾರೇನೂ ಆಗಲಿಲ್ಲ.

"ನನ್ ಕಿವಿ ಹೇಳಿದ್ದು ಯಾರೂ ನಂಬ್ಲಿಲ್ಲ. ನಿಮ್ ಕಾಗದ ಹೇಳ್ತು, ನಂಬಿದ್ರು. ಇರ್ಲಿ ಬಿಡ್ರಿ, ಅಜ್ಜಿಗೆ ನೀರ್ ಬಂತಲ್ಲ," ಎಂದು ಕೀಲಿ ಹೆಗಲಿಗೇರಿಸಿಕೊಂಡು ಹೊರಟರು.

ಹೋದ ಮಾಘದಲ್ಲಿ ಒಂದು ಬೆಳಗ್ಗೆ ಫೋನ್ ಬರಲಿಲ್ಲ. ಎದೆನೋವೆಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋಗಿಬಿಟ್ಟರಂತೆ. ನಾನು ಆ ದಿನದ ಸಾಲನ್ನು ಖಾಲಿ ಬಿಟ್ಟು, ಉಳಿದ ಕೆಲಸ ಮುಗಿಸಿ, ಮನೆಗೆ ಹೋಗಿ ಉಂಡೆ. ಅಳು ಬರಬೇಕಿತ್ತು, ಬರಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಮನೆಯಿದ್ದದ್ದು ಗುಡ್ಡದ ಬೀದಿಯಲ್ಲಿ, ಪಟ್ಟಿಯಲ್ಲಿ ಕೊನೆಯದೆಂದು ಬರೆಸಿದ್ದ ನಲ್ಲಿಗಿಂತ ಇನ್ನೂ ಮೇಲೆ. ಅಂಗಳದಲ್ಲೊಂದು ನಲ್ಲಿಯಿತ್ತು. ತಿರುಗಿಸಿದೆ. ಗಾಳಿ ಕೂಡ ಬರಲಿಲ್ಲ. ಅದರ ಪಕ್ಕದಲ್ಲಿ ಸಾಲಾಗಿ ಕೊಡಗಳು.

"ಇಲ್ಲಿಗೆ ಏರಂಗಿಲ್ಲವ್ವ," ಅಂದರು ಅವರ ಹೆಂಡತಿ. "ನಾನೇ ಕೆಳಗ್ಲ ನಲ್ಲಿಯಿಂದ ಹೊತ್ಕಂಡ್ ಬರ್ತೀನಿ. ಅಲ್ಲಿ ನೀರ್ ಬಂದ ಕೂಡ್ಲೆ ಟೈಮ್ ನೋಡ್ಕಂಡು, ಇಲ್ಲಿ ಕೊಡ ಇಳಿಸ್ತಾ ಅವ್ರಿಗೆ ಹೇಳ್ತಿದ್ದೆ, ಅವ್ರು ನಿಮ್ಗೆ ಹೇಳೋರು."

"ಒಂದು ದೂರು ಕೊಡಬಹುದಿತ್ತಲ್ಲ ಅಕ್ಕ?"

"ಕೊಟ್ರೆ ಅವ್ರ ಫೋನಿಗೇ ಬರ್ತದಲ್ಲ! ನೀರ್ ಬಿಡೋನು ತನ್ ಮನೆಗೇ ಬಿಟ್ಕಂಡ ಅಂತಾರೆ, ಸುಮ್ಕಿರು ಅಂತಿದ್ರು."

ಗುಡ್ಡದ ಬೀದಿ ನನ್ನ ನಕ್ಷೆಯಲ್ಲಿ ಯಾವತ್ತೂ ಹಸಿರೇ. ದೂರು ಬರಲಿಲ್ಲ ಅಂದರೆ ನೀರು ಬಂತು ಅಂತಲ್ಲ ಎಂದು ಹೇಳಿಕೊಟ್ಟವರ ಮನೆಯನ್ನೇ ನಾನು ನೋಡಿರಲಿಲ್ಲ. ನಾಚಿಕೆಯಾಯಿತು. ಅದರಾಚೆ ಏನೂ ಅನ್ನಿಸಲಿಲ್ಲ. ನಿಂತಲ್ಲೇ ಫೋನ್ ತೆಗೆದು ಅವರ ಮನೆಯ ಹೆಸರಿನಲ್ಲಿ ದೂರು ದಾಖಲಿಸಿದೆ. ಒಳಗೆ ಗೋಡೆಯ ಗೂಡಿನಲ್ಲಿ ಅವರ ಫೋನ್ ಟಿಣ್ ಅಂದಿತು.

"ಯಾರ್ದವ್ವ ಅದು?"

"ಕೆಲಸದ್ದಕ್ಕ," ಅಂದೆ.

ಮರುದಿನ ಪಟ್ಟಿ ತಿದ್ದಿ, ಗುಡ್ಡದ ಬೀದಿಯ ಕೊನೆಯ ನಲ್ಲಿ ಎಂದು ಆ ಅಂಗಳದ ನಲ್ಲಿಯನ್ನು ಸೇರಿಸಿದೆ. ಸಮಯದ ಜಾಗ ಹನ್ನೆರಡು ದಿನ ಖಾಲಿಯಿತ್ತು. ಖಾಲಿ ಜಾಗ ಕಂಡರೆ ಮೇಲಿನವರು ಕೇಳಲೇಬೇಕು, ಕೇಳಿದರು. ಎಂಜಿನಿಯರ್ ಮತ್ತೆ ಬಂದರು. ಗುಡ್ಡದ ಬೀದಿಗೆ ಬೇರೆ ವಾಲ್ವ್ ಕೂತಿತು. ಹೊಸ ನೀರಗಂಟಿ ಕಿವಿಯಿಡುವುದಿಲ್ಲ, ಹಾಳೆ ನೋಡಿ ತಿರುಗಿಸುತ್ತಾನೆ.

ಈಗ ಬೆಳಗ್ಗೆ ಆ ಬೀದಿಯ ಸಮಯ ಹೇಳುವವರು ಅವರ ಹೆಂಡತಿಯೇ. ಹೇಳಿರೆಂದು ನಾನು ಕೇಳಿಕೊಂಡಿರಲಿಲ್ಲ.

"ಎಂಟೂ ಇಪ್ಪತ್ತು, ಮೇಡಮ್ಮೋರೆ."

ಕೊಡ ತಾಗುವ ಸದ್ದಿಲ್ಲ. ಅಂಗಳದ ತೊಟ್ಟಿಗೆ ನೀರು ಬೀಳುವುದು ಕೇಳುತ್ತದೆ. ಬರೆದುಕೊಳ್ಳುತ್ತೇನೆ.