ಭಾವನವರ ಮೆದುಳಿಗೆ ಟ್ಯೂಷನ್

ಮೊನ್ನೆ ಮನೆಯ ಗಡಿಯಾರಕ್ಕೆ ಸೆಲ್ ಹಾಕಿಸಲು ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದಕ್ಕೆ ಹೋಗಿದ್ದೆ. ನೀವು ಗಮನಿಸಿದ್ದೀರೋ ಇಲ್ಲವೋ, ಮಾರಾಟಕ್ಕೆ ತೂಗುಹಾಕಿದ ಗಡಿಯಾರಗಳೆಲ್ಲ ಹತ್ತು ಗಂಟೆ ಹತ್ತು ನಿಮಿಷಕ್ಕೇ ನಿಂತಿರುತ್ತವೆ. ಉಳಿದವರಿಗೆ ಅದೊಂದು ಅಲಂಕಾರ. ನನಗೆ ಮಾತ್ರ ಅವೆಲ್ಲ ಒಂದನ್ನೊಂದು ನೋಡಿಕೊಂಡು ಕಾಪಿ ಹೊಡೆದ ಹಾಗೆ ಕಾಣುತ್ತವೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಸಮಾಜಪಾಠ ಹೇಳಿ, ಪರೀಕ್ಷಾ ಕೊಠಡಿಗಳಲ್ಲಿ ಪಹರೆ ತಿರುಗಿದವನ ಕಣ್ಣು ಇನ್ನು ಹೇಗಿರುತ್ತದೆ ಎಂದು ನೀವು ಕೇಳಬಹುದು. ಆದರೆ ಈ ಸಂಶಯವನ್ನು ನನಗೆ ಅಂಟಿಸಿದ್ದು ಶಾಲೆಯಲ್ಲ, ನನ್ನ ಭಾವ.

ನಂಜಪ್ಪ ಭಾವ ನನ್ನ ಅಕ್ಕನ ಗಂಡ. ಮೂಲ ಹುಳಿಮಾವಿನವರು. ಕೆರೆಯ ಪಕ್ಕ ರಾಗಿ, ಅವರೆ ಬೆಳೆಯುತ್ತಿದ್ದ ಮನೆತನ. ಹೊಲಗಳು ಲೇಔಟುಗಳಾದ ಮೇಲೆ ಬನಶಂಕರಿಗೆ ಬಂದು, ಕೆಳಗೊಂದು ಮನೆ ತಮಗೆ, ಮೇಲೆರಡು ಬಾಡಿಗೆಗೆ ಎಂದು ಕಟ್ಟಿಕೊಂಡವರು. ಅವರ ತಂದೆ ಶಾಲೆಗೆ ರಸ್ತೆ ಬಿಡುವ ಕಾಗದ ಎಂದುಕೊಂಡು ಯಾರದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಆಮೇಲೆ ನೋಡಿದರೆ ಒಂದಿಡೀ ಹೊಲವೇ ಹೋಗಿತ್ತಂತೆ. ಅಂದಿನಿಂದ ಆ ಮನೆಯಲ್ಲಿ ಕಾಗದವೆಂದರೆ ಹಾವು. ಕೊರಿಯರ್ ಹುಡುಗ ರುಜು ಕೇಳಿದರೂ ಭಾವ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಗೀಚಿ ಕಳಿಸುತ್ತಿದ್ದರು. "ನಾಳೆ ಕೋರ್ಟಲ್ಲಿ ಇದು ನಂದಲ್ಲ ಅನ್ನಕ್ಕೆ ದಾರಿ ಇರ್ಬೇಕು ಮೇಷ್ಟ್ರೇ" ಎನ್ನುವರು. ಭಾವಮೈದುನನನ್ನು ಮೇಷ್ಟ್ರೇ ಎಂದು ಕರೆಯುವುದು ಅವರ ಪ್ರಕಾರ ಗೌರವ; ನನ್ನ ಪ್ರಕಾರ ಚೇಷ್ಟೆ.

ಇಂಥ ಮನುಷ್ಯನ ಬಳಿಗೆ, ಕೆಲವು ವರ್ಷಗಳ ಕೆಳಗೆ, ಒಂದು ವಿಶ್ವವಿದ್ಯಾಲಯ ಬಂತು.

ಬಂದದ್ದು ಅವರ ಬಡಾವಣೆಯ ಪಾರ್ಕಿಗೆ. ಒಂದು ಶಾಮಿಯಾನ, ಎರಡು ಮೇಜು, ಮೆದುಳಿನ ಬಣ್ಣದ ಚಿತ್ರವಿರುವ ಒಂದು ಬ್ಯಾನರು. ಅರವತ್ತು ದಾಟಿದವರು ಹೆಸರು ಕೊಡಬೇಕು. ಆಗಾಗ ಹೋಗಿ ರಕ್ತ ಕೊಟ್ಟು, ತಲೆಯ ಸ್ಕ್ಯಾನ್ ಮಾಡಿಸಿಕೊಂಡು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿ ಬರಬೇಕು. ವಯಸ್ಸಾದಂತೆ ಮೆದುಳು ಯಾಕೆ ಸವೆಯುತ್ತದೆ, ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಅವರು ವರ್ಷಗಟ್ಟಲೆ ಕಾದು ನೋಡುತ್ತಾರಂತೆ. ಕರೆದೊಯ್ಯಲು ಕಾರು, ಅಲ್ಲಿ ಉಪ್ಪಿಟ್ಟು, ಕಾಫಿ. ಎಲ್ಲವೂ ಉಚಿತ. ಆ 'ಉಚಿತ' ಎಂಬಲ್ಲಿಗೆ ನನ್ನ ಹುಬ್ಬು ಮೇಲೇರಿತು. ಈ ಊರಿನಲ್ಲಿ ಚಪ್ಪಲಿ ಕಾಯುವವನೂ ಕಾಸು ಕೇಳುತ್ತಾನೆ; ಮುದುಕರ ತಲೆ ಕಾಯಲು ಒಂದು ವಿಶ್ವವಿದ್ಯಾಲಯ ಕಾರು ಕಳಿಸುವುದೆಂದರೆ ಒಳಗೆ ಏನೋ ಇದೆ. ರಕ್ತ ಎಲ್ಲಿಗೆ ಹೋಗುತ್ತದೆ? ತಲೆಯೊಳಗಿನ ಚಿತ್ರ ಯಾರ ಕೈಸೇರುತ್ತದೆ? ಹೀಗೆಲ್ಲ ನಾನು ಘನಗಂಭೀರವಾಗಿ ವಿಚಾರಣಾ ಆಯೋಗ ನಡೆಸುತ್ತಿರುವಾಗಲೇ ಅಕ್ಕನ ರಸ್ತೆಯ ಹಿರಿಯರೆಲ್ಲ ಹೆಸರು ಕೊಟ್ಟಾಗಿತ್ತು. ಅಕ್ಕನೂ ಭಾವನೂ ಕೊಟ್ಟಿದ್ದರು.

ಅಕ್ಕ ಮೊದಲು ಹೋಗಿ ಬಂದಳು. ಭಾವನವರ ಸರದಿ ಮುಂದಿನ ತಿಂಗಳು. ಅವರ ಜೊತೆಗೆ ಅವರನ್ನು ಚೆನ್ನಾಗಿ ಬಲ್ಲ ಒಬ್ಬರು ಹೋಗಬೇಕಂತೆ, ಅವರನ್ನೂ ಪ್ರಶ್ನೆ ಕೇಳುತ್ತಾರಂತೆ. ಅಕ್ಕ ಫೋನು ಮಾಡಿ, "ನೀನೇ ಹೋಗ್ಬೇಕು ಕಣೋ" ಎಂದಳು.

"ನೀನೇ ಹೋಗಬಹುದಲ್ಲಕ್ಕ, ನಿನಗಿಂತ ಬಲ್ಲವರು ಯಾರು?"

"ಅದಕ್ಕೇ ನಾನ್ ಬ್ಯಾಡ" ಎಂದು ಫೋನು ಇಟ್ಟಳು.

ಗಂಡನನ್ನು ಚೆನ್ನಾಗಿ ಬಲ್ಲೆನೆಂಬ ಕಾರಣಕ್ಕೇ ಹೆಂಡತಿ ಹಿಂದೆ ಸರಿದರೆ ಅನುಮಾನ ಬರದೆ ಇರುತ್ತದೆಯೇ? ಮಾರನೆಯ ಬೆಳಿಗ್ಗೆಯೇ ಹನುಮಂತನಗರದಿಂದ ಬಸ್ಸು ಹತ್ತಿದೆ. ಅವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿಂದ ಭಾವನವರ ಧ್ವನಿ ಕೇಳಿಸಿತು. "ಕೊಡೆ, ನಿಂಬೆಹಣ್ಣು, ಗಿಣಿ, ಮಂಚ, ನದಿ."

"ಇನ್ನೊಂದ್ಸಲ" ಎಂದಳು ಅಕ್ಕ.

"ಕೊಡೆ, ನಿಂಬೆಹಣ್ಣು, ಗಿಣಿ..."

"ಮಲಗೋದು, ಮಲಗೋದು!"

"ಮಂಚ, ನದಿ."

ನಿಂಬೆಹಣ್ಣು ಎಂದಾಗ ಇದು ಯಾವುದೋ ಮಾಟಮಂತ್ರವೇ ಇರಬೇಕೆಂದುಕೊಂಡೆ. ಮಂಚ ಎಂದಾಗ ಗೊಂದಲವಾಯಿತು. ಒಳಗೆ ಹೋದರೆ ಭಾವ ಪದ್ಮಾಸನ ಹಾಕಿ ಕುಳಿತಿದ್ದಾರೆ, ಎದುರಿಗೆ ಪೇಪರಿನಿಂದ ಕತ್ತರಿಸಿದ ಗಡಿಯಾರದ ಜಾಹೀರಾತು, ಅದನ್ನು ನೋಡಿ ಬರೆದ ನಾಲ್ಕಾರು ಗಡಿಯಾರಗಳು. ಅಕ್ಕ ನನ್ನನ್ನು ನೋಡಿದ್ದೇ ಅಡುಗೆಮನೆಗೆ ಕರೆದಳು. ಅವರೆಕಾಯಿಯ ಕಾಲ. ನೆನೆಸಿಟ್ಟ ಅವರೆಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ತೆಗೆಯುತ್ತ ತಗ್ಗಿದ ದನಿಯಲ್ಲಿ ಹೇಳಿದಳು.

"ನಂಗೆ ಅಲ್ಲಿ ಐದು ಪದ ಹೇಳಿ, ಆಮೇಲೆ ನೆನಪಿಸ್ಕೊಂಡು ಹೇಳಿ ಅಂದ್ರು. ಗಡಿಯಾರ ಬರೀರಿ ಅಂದ್ರು. ಅದ್ನೆಲ್ಲ ಇವ್ರಿಗೆ ಹೇಳ್ಕೊಡ್ತಾ ಇವ್ನಿ."

"ಅಯ್ಯೋ ಅಕ್ಕ, ಪ್ರಶ್ನೆಪತ್ರಿಕೆ ಬಯಲು ಮಾಡಿದೆಯಾ? ಅದೇನು ಪರೀಕ್ಷೆಯೇ, ಫೇಲಾಗೋದಕ್ಕೆ?"

ಅವಳು ನಗಲಿಲ್ಲ. "ಆವತ್ತು ಇವ್ರ ತಮ್ಮನ ತಿಥಿ ಊಟ ಮಾಡ್ಕೊಂಡ್ ಬಂದ್ರಲ್ಲ, ಸಾಯಂಕಾಲ ಕೂತ್ಕೊಂಡು, 'ನನ್ ತಮ್ಮ ಯಾಕೆ ಕಾಣ್ಲೇ ಇಲ್ಲ' ಅಂತ ಕೇಳಿದ್ರು ಕಣೋ."

ನಾನು ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದೆ.

"ಹುಳಿಮಾವಿನ ಕೆರೆ ಪಕ್ಕ ಉಳ್ದಿರೋ ಜಮೀನು ಇನ್ನೂ ಭಾಗ ಆಗಿಲ್ಲ. ಇವ್ರಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಒಂದ್ ಮಾತು ಹೊರಗೆ ಬಿದ್ರೆ ಸಾಕು, ಇವ್ರ ಚಿಕ್ಕಪ್ಪನ ಮಕ್ಳು ಇವ್ರ ರುಜುನೇ ನಡೆಯಲ್ಲ ಅಂತ ಕೋರ್ಟಿಗೆ ಓಡ್ತಾರೆ."

"ಹಾಗಾದ್ರೆ ಹೋಗೋದೇ ಬೇಡ, ಬಿಡು."

"ರಸ್ತೇಲಿ ಎಲ್ರೂ ಹೋಗ್ತಾವ್ರೆ. ಇವ್ರೊಬ್ರು ಹೋಗ್ದಿದ್ರೆ ಏನೋ ಐತೆ ಅಂತ ಅವತ್ತೇ ಗೊತ್ತಾಗುತ್ತೆ. ಎದುರುಮನೇಲಿರೋದು ಯಾರು ಅನ್ಕೊಂಡೆ? ಅದೇ ಚಿಕ್ಕಪ್ಪನ ಮಗಳು!"

ಪರೀಕ್ಷಾ ಅಕ್ರಮಗಳ ವಿರುದ್ಧ ಶಾಲೆಯ ವೇದಿಕೆಯ ಮೇಲೆ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ. ಒಂದು ಬೊಗಸೆ ಅವರೆಕಾಳು ನನ್ನ ಕಡೆಗೆ ಎಳೆದುಕೊಂಡು ನಾನೂ ಹಿಚುಕುತ್ತ ಕುಳಿತೆ.

ಹೇಳಿದ ದಿನ ಕಾರು ಬಂತು. ಅಕ್ಕನೂ ಜೊತೆಗೆ ಹೊರಟಳು, ಟಿಫನ್ ಡಬ್ಬಿ ಹಿಡಿದುಕೊಂಡು. ಉಪ್ಪಿಟ್ಟಿನ ಮೇಲೆ ಅವಳಿಗೂ ನಂಬಿಕೆಯಿರಲಿಲ್ಲ. ಆ ಕಟ್ಟಡದ ಬಾಗಿಲಲ್ಲೇ ಗಾಜಿನ ಜಾಡಿಯೊಂದರಲ್ಲಿ ನಿಜವಾದ ಮೆದುಳು ತೇಲುತ್ತಿತ್ತು. ಭಾವ ಅದರ ಮುಂದೆ ನಿಂತು, ನಮ್ಮನ್ನು ಕರೆದುಕೊಳ್ಳಲು ಬಂದ ಸಂಶೋಧನೆಯ ಹುಡುಗಿ ಚೈತ್ರಾಳನ್ನು ಕೇಳಿದರು. "ಇದು ಯಾರ್ದಮ್ಮ?"

"ಹೆಸರು ಹೇಳೋ ಹಾಗಿಲ್ಲ ಅಂಕಲ್."

ಭಾವ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಪರ್ವಾಗಿಲ್ಲ ಮೇಷ್ಟ್ರೇ. ಗುಟ್ಟು ಕಾಯೋ ಜನ."

ನನಗೆ ಅದೇ ಕಾರಣಕ್ಕೆ ಬೆವರು ಬಂದಿತ್ತು. ಹೆಸರಿಲ್ಲದೆ ಜಾಡಿ ಸೇರುವುದು ಸಮಾಧಾನದ ವಿಷಯವೆಂದು ನನಗೆ ತೋಚಿರಲಿಲ್ಲ.

ಒಪ್ಪಿಗೆ ಪತ್ರ ಒಂದು ಪುಸ್ತಕದಷ್ಟಿತ್ತು. ಚೈತ್ರಾ ತಾಳ್ಮೆಯಿಂದ ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿದಳು. ಭಾವ ಕಣ್ಣು ಮುಚ್ಚಿ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಇದ್ರೊಳಗೆ ಸರ್ವೆ ನಂಬರ್ ಎಲ್ಲೂ ಇಲ್ವಲ್ಲ?" ಇಲ್ಲವೆಂದ ಮೇಲೆ ಹೊಸದೊಂದು ಬಗೆಯ ರುಜು ಹಾಕಿದರು. ಸ್ಕ್ಯಾನಿನ ಕೊಳವೆಯೊಳಗೆ ಹೋಗಿ ಬಂದವರು, "ಪಕ್ಕದ ಸೈಟಲ್ಲಿ ಬೋರು ಕೊರೆದಂಗೆ ಸದ್ದು. ನೀರು ಬಿತ್ತೇನಮ್ಮ?" ಎಂದರು. ಮರೆವಿನ ಕಾಯಿಲೆಯಲ್ಲಿ ಆಗುವುದೇನು ಎಂದು ನಾನು ಕೇಳಿದ್ದಕ್ಕೆ ಚೈತ್ರಾ, ಮೆದುಳಿನಲ್ಲಿ ಒಂದು ಥರದ ಪ್ರೋಟೀನು ಕಸದ ಹಾಗೆ ಗುಡ್ಡೆಯಾಗುತ್ತದೆ, ತೆಗೆಯುವ ವ್ಯವಸ್ಥೆ ಕೆಟ್ಟಿರುತ್ತದೆ, ಹೊರಗೆ ಗೊತ್ತಾಗುವಷ್ಟರಲ್ಲಿ ವರ್ಷಗಳಾಗಿರುತ್ತವೆ ಎಂದು ವಿವರಿಸಿದಳು. ಬೆಂಗಳೂರಿನವನಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಪ್ರಶ್ನೆಗಳ ಕೋಣೆ. ಒಬ್ಬನೇ ಕೂರಲಾರೆನೆಂದು ಭಾವ ಹಟ ಹಿಡಿದದ್ದರಿಂದ, ಬಾಯಿ ಬಿಡಬಾರದೆಂಬ ಕರಾರಿನ ಮೇಲೆ ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಅಕ್ಕ ಹೊರಗೆ ಕಾರಿಡಾರಿನಲ್ಲಿ.

"ಐದು ಪದ ಹೇಳ್ತೀನಿ ಅಂಕಲ್. ಕನ್ನಡಿ, ಎತ್ತು, ಬೆಲ್ಲ, ಮೆಟ್ಟಿಲು, ಮೋಡ."

ಪ್ರಶ್ನೆಪತ್ರಿಕೆ ಬದಲಾಗಿತ್ತು! ಒಬ್ಬರಿಗೆ ಕೊಟ್ಟ ಪದ ಇನ್ನೊಬ್ಬರಿಗೆ ಕೊಡುವುದಿಲ್ಲವೆಂದು ನಮ್ಮ ಅಕ್ಕನಿಗೆ ಹೇಗೆ ಗೊತ್ತಿರಬೇಕು? ಭಾವ ಮಾತ್ರ ಅಳುಕದೆ ಐದನ್ನೂ ಕೂಡಲೇ ತಿರುಗಿ ಒಪ್ಪಿಸಿದರು. ನಾನು ಸ್ವಲ್ಪ ಉಸಿರಾಡಿದೆ. ಮೂರೂಕಾಲು ಗಂಟೆ ತೋರಿಸುವ ಗಡಿಯಾರ ಬರೆಯಿರಿ ಎಂದಳು. ಭಾವ ನುಣ್ಣಗೆ ವೃತ್ತ ಎಳೆದು, ಅಂಕೆಗಳನ್ನು ಅಚ್ಚುಕಟ್ಟಾಗಿ ಕೂರಿಸಿ, ಜಾಹೀರಾತಿನಲ್ಲಿದ್ದ ಹಾಗೆಯೇ ಹತ್ತು ಗಂಟೆ ಹತ್ತು ನಿಮಿಷ ತೋರಿಸಿದರು. ಅಷ್ಟು ಚಂದದ ತಪ್ಪುತ್ತರವನ್ನು ನನ್ನ ಮೇಷ್ಟರಿಕೆಯಲ್ಲಿ ನಾನು ಕಂಡಿಲ್ಲ. ಬೇರೆ ಏನೇನೋ ಕೇಳಿ, ಕೊನೆಗೆ ಚೈತ್ರಾ ಅಂದಳು. "ಈಗ ನಾನು ಆಗ ಹೇಳಿದ ಐದು ಪದ ಹೇಳಿ ಅಂಕಲ್."

ಭಾವ ಬೆನ್ನು ನೆಟ್ಟಗೆ ಮಾಡಿದರು. "ಕೊಡೆ, ನಿಂಬೆಹಣ್ಣು, ಗಿಣಿ, ಮಂಚ, ನದಿ."

ಚೈತ್ರಾಳ ಪೆನ್ನು ನಿಂತಿತು. "ಅಂಕಲ್, ನಾನು ಇವತ್ತು ಹೇಳಿದ್ದು ಇವಲ್ಲ." ಅವಳು ನನ್ನ ಕಡೆ ನೋಡಿದಳು. ನಾನು ಆ ಕೋಣೆಯ ಫ್ಯಾನಿನ ರೆಕ್ಕೆಗಳನ್ನು ಪರಿಶೀಲಿಸುತ್ತಿದ್ದೆ.

"ಗೊತ್ತು ಕಣಮ್ಮ" ಎಂದರು ಭಾವ. "ಇವು ನಮ್ ಮನೆಯವ್ಳ ಪದ. ನೀನ್ ಹೇಳಿದ್ದು ಒಂದೂ ಇಲ್ಲ, ಹೊಂಟೋದ್ವು. ಅವ್ಳು ಬೆಳಗ್ಗೆ ಸಾಯಂಕಾಲ ಕೂರಿಸ್ಕೊಂಡು ಹೇಳ್ಕೊಟ್ಳು. ಬ್ಯಾಡ ಅನ್ನಕ್ಕೆ ಮನಸಾಗ್ಲಿಲ್ಲ." ತಾವು ಬರೆದ ಗಡಿಯಾರವನ್ನು ಮೇಜಿನ ಆಚೆಗೆ ಸರಿಸಿದರು. "ನಂಗೆ ಮರೀತಾ ಐತೆ ಅಂತ ನಂಗ್ ಗೊತ್ತಿತ್ತು. ಅವ್ಳಿಗೆ ಗೊತ್ತಿಲ್ಲ ಅನ್ಕೊಂಡಿದ್ದೆ. ಹೇಳ್ಕೊಡಕ್ಕೆ ಕೂತಾಗ ತಿಳೀತು, ಅವ್ಳಿಗೂ ಗೊತ್ತು ಅಂತ."

ಚೈತ್ರಾ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಬರ್ಕೊ, ಬರ್ಕೊ" ಎಂದು ಭಾವನೇ ಧೈರ್ಯ ಹೇಳಿದರು. "ಆದ್ರೆ ಎದುರುಮನೆಗೆ ಮಾತ್ರ ಗೊತ್ತಾಗ್ಬಾರ್ದು."

"ಯಾರಿಗೂ ಹೋಗಲ್ಲ ಅಂಕಲ್. ನಿಮ್ಮ ಹೆಸರೂ ಇರಲ್ಲ, ಬರೀ ಒಂದು ನಂಬರ್."

"ನಂಬರಾ? ಯಾವ ನಂಬರು?" ಎಂದು ಭಾವ ಗಾಬರಿಯಿಂದ ಎದ್ದೇಬಿಟ್ಟರು. ಅದು ಸರ್ವೆ ನಂಬರಲ್ಲವೆಂದು ಒಪ್ಪಿಸಿ ಕೂರಿಸುವುದು, ಅಲ್ಲಿಯವರೆಗಿನ ಎಲ್ಲಕ್ಕಿಂತ ದೊಡ್ಡ ಕೆಲಸವಾಯಿತು.

ಬಳಿಕ ನನ್ನ ವಿಚಾರಣೆ, ಬೇರೆ ಕೋಣೆಯಲ್ಲಿ. ಇವರು ಇತ್ತೀಚೆಗೆ ಮರೆಯುವುದನ್ನು ನೀವು ಕಂಡಿದ್ದೀರಾ ಎಂದು ಕೇಳಿದಳು. ನನಗೆ ಆಗಲೂ ಆ ವಿಶ್ವವಿದ್ಯಾಲಯದ ಮೇಲೆ ಪೂರ್ಣ ನಂಬಿಕೆಯಿರಲಿಲ್ಲ. ಆದರೆ ಸ್ವತಃ ಆರೋಪಿಯೇ ತಪ್ಪೊಪ್ಪಿಕೊಂಡ ಮೇಲೆ ಸಾಕ್ಷಿ ಏನು ಮುಚ್ಚಿಡಬೇಕು? ತಮ್ಮನ ತಿಥಿಯ ಸಂಗತಿ ಹೇಳಿದೆ.

ಹೊರಗೆ ಬಂದಾಗ ಅಕ್ಕ ಡಬ್ಬಿಯನ್ನು ಎದೆಗೊತ್ತಿಕೊಂಡು ಎದ್ದು ನಿಂತಳು. "ಐದೂ ಹೇಳಿದ್ರಾ?"

"ಐದೂ ಹೇಳ್ದೆ ಕಣೆ" ಎಂದರು ಭಾವ. "ಒಂದೂ ಬಿಡ್ಲಿಲ್ಲ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕನ ಮುಖ ಅರಳಿತು. ಆಮೇಲೆ ಅವಳು ನನ್ನ ಮುಖ ನೋಡಿದಳು. ಅದೇ ಕಾರಿನಲ್ಲಿ ವಾಪಸು ಹೊರಟೆವು. ಬನಶಂಕರಿ ಬಸ್ ನಿಲ್ದಾಣ ದಾಟುವಾಗ ಅಕ್ಕ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಅವಳ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಒಂದು ಕೋಡುಬಳೆಯನ್ನು ಅವಳ ಕೈಗಿತ್ತರು.

ಆಮೇಲೆ ವಿಶ್ವವಿದ್ಯಾಲಯದವರು ಭಾವನವರನ್ನು ಆಸ್ಪತ್ರೆಗೆ ಕಳಿಸಿದರು. ಕಾಯಿಲೆ ಇನ್ನೂ ಆರಂಭದಲ್ಲಿದೆ, ವ್ಯವಹಾರದ ಬುದ್ಧಿ ಸರಿಯಾಗಿಯೇ ಇದೆ, ಮಾಡಬೇಕಾದ್ದನ್ನು ಈಗಲೇ ಮಾಡಿ ಮುಗಿಸಿ ಎಂದರು ವೈದ್ಯರು. ಹಾಗೆಂದು ಬರೆದೂ ಕೊಟ್ಟರು. ಅಕ್ಕ ಯಾವ ತಪಾಸಣೆಗೆ ಹೆದರಿದ್ದಳೋ ಅದೇ ತಪಾಸಣೆ ಅವಳ ಪರವಾಗಿ ನಿಂತಿತು. ಭಾವ ತಾವಾಗಿಯೇ ಚಿಕ್ಕಪ್ಪನ ಮಕ್ಕಳನ್ನು ಕರೆಸಿ, ವಕೀಲರ ಮುಂದೆ ಆ ಕೆರೆ ಪಕ್ಕದ ಜಮೀನಿನ ಭಾಗ ಮುಗಿಸಿದರು. ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಮನೆಯಲ್ಲಿ ಕುಳಿತು, ಒಂದೇ ಬಗೆಯ ರುಜು ಹಾಕುವುದನ್ನು ಅಭ್ಯಾಸ ಮಾಡಿದರು. ಜೀವಮಾನದ ಚಟ, ಬಿಡುವುದು ಕಷ್ಟವಾಯಿತು.

ಈಗ ಪ್ರತಿ ಸಲವೂ ನಾನೇ ಜೊತೆಗೆ ಹೋಗುತ್ತೇನೆ. ಮೆದುಳಿನ ಕಸ ತೆಗೆಯುವ ವಿದ್ಯೆ ಆ ವಿಶ್ವವಿದ್ಯಾಲಯದವರಿಗೆ ಇನ್ನೂ ಪೂರ್ತಿ ಕೈಗೂಡಿಲ್ಲ. ಚೈತ್ರಾ ಅದನ್ನು ಮುಚ್ಚಿಡುವುದಿಲ್ಲ. ಕೈಗೂಡುವವರೆಗೆ ಯಾರಾದರೂ ಹೋಗಿ ಕುಳಿತುಕೊಳ್ಳಬೇಕಲ್ಲ, ಎನ್ನುತ್ತಾರೆ ಭಾವ. ಕಳೆದ ವಾರ ಹೋದಾಗ ಅವರು ನನ್ನ ವಿಚಾರಣೆಯ ಕೋಣೆಗೂ ಬಂದು ಪಕ್ಕದಲ್ಲೇ ಕುಳಿತರು. ಎದ್ದು ಹೋಗಿ ಎಂದರೆ ಹೋಗಲಿಲ್ಲ. ನಾನು ಸಂಕೋಚದಿಂದಲೇ ಒಂದೊಂದಾಗಿ ಹೇಳಿದೆ: ಹೆಸರುಗಳು ತಪ್ಪುತ್ತವೆ, ಉಂಡಿದ್ದು ಮರೆಯುತ್ತದೆ, ಒಮ್ಮೊಮ್ಮೆ ನನ್ನನ್ನು ಬಾಡಿಗೆಗೆ ಮನೆ ಕೇಳಲು ಬಂದವನೆಂದು ತಿಳಿದು 'ಖಾಲಿ ಇಲ್ಲ' ಎನ್ನುತ್ತಾರೆ.

"ಅದೊಂದು ಬಿಟ್ಟೆ ಮೇಷ್ಟ್ರೇ" ಎಂದರು ಭಾವ.

"ಯಾವುದು ಭಾವ?"

"ಎದುರುಮನೆ." ಚೈತ್ರಾಳ ಕಡೆ ತಿರುಗಿದರು. "ಬರ್ಕೊಳಮ್ಮ. ನಮ್ಮನೆ ಅಂತ ಎದುರುಮನೆಗೆ ಹೋಗಿ ಕೂತ್ಬಿಡ್ತೀನಿ. ಆವಮ್ಮ ಪಾಪ ಏನೂ ಅನ್ನಲ್ಲ, ಕಾಫಿ ಕೊಡ್ತಾಳೆ. ಚೆನ್ನಾಗಿರುತ್ತೆ. ಅದ್ನೂ ಬರ್ಕೊ."

ಚೈತ್ರಾ ನಗುತ್ತ ಬರೆದುಕೊಂಡಳು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನನ್ನ ಹಳೆಯ ವಿಚಾರಣಾ ಆಯೋಗ ತಾನಾಗಿ ಮತ್ತೆ ಕೂತಿತು. ಭಾವನವರಿಗೆ ಸಕ್ಕರೆ ಕಾಯಿಲೆಯೆಂದು ಅಕ್ಕ ಮನೆಯ ಕಾಫಿಗೆ ಸಕ್ಕರೆ ನಿಲ್ಲಿಸಿ ಬಹಳ ಕಾಲವಾಯಿತು. ಎದುರುಮನೆಯಾಕೆ ಕೈ ತುಂಬ ಸಕ್ಕರೆ ಹಾಕುವವಳು. ಇನ್ನು, ಮನೆ ಮರೆತವರು ಒಮ್ಮೆಯಾದರೂ ಪಕ್ಕದ ಮನೆಗೆ ಹೋಗಬೇಕಲ್ಲವೇ? ಹಿಂದಿನ ಮನೆಗೆ? ಪ್ರತಿ ಸಲವೂ ಎದುರುಮನೆಗೇ ಹೋಗುತ್ತಾರೆ, ಅದೂ ಆಕೆ ಡಿಕಾಕ್ಷನ್ ಹಾಕುವ ಹೊತ್ತಿಗೆ ಸರಿಯಾಗಿ. ಮರೆವು ಹೀಗೆ ಹೊತ್ತು ನೋಡಿಕೊಂಡು ಬರುತ್ತದೆಯೇ?

ಇದನ್ನು ಚೈತ್ರಾಳಿಗೆ ಫೋನು ಮಾಡಿ ತಿಳಿಸಬೇಕೆಂದು ಎರಡು ಸಲ ಎದ್ದೆ, ಎರಡು ಸಲವೂ ಕುಳಿತೆ. ಅವಳು 'ಹಾಗಲ್ಲ ಸಾರ್, ಇದೂ ಕಾಯಿಲೆಯೇ' ಎಂದುಬಿಟ್ಟರೆ? ನನ್ನ ಆಯುಷ್ಯದಲ್ಲಿ ಎಷ್ಟೋ ಜನರ ಮೇಲೆ ಎಷ್ಟೋ ಸಂಶಯಪಟ್ಟಿದ್ದೇನೆ. ನಿಜವಾಗಿರಲಿ ಎಂದು ಆಸೆಪಟ್ಟಿದ್ದು ಇದೊಂದನ್ನೇ.